ಮಗು ಆಡಲಾಗದ ವರ್ಷದಲ್ಲಿ ಶಾಲೆ ಏನು ಮಾಡುತ್ತದೆ?

ಕ್ರೀಡಾ ವಿದ್ಯಾರ್ಥಿವೇತನದ ಪತ್ರ ಕೈಗೆ ಬಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಶೇಕಡಾವಾರಿನ ಮೇಲೆ. ಶೇ 25, ಶೇ 50, ಅಪರೂಪಕ್ಕೆ ಪೂರ್ಣ ಶುಲ್ಕ. ಷರತ್ತುಗಳು ಇರುವುದು ಅದರ ಕೆಳಗೆ, ಸಣ್ಣ ಅಕ್ಷರಗಳಲ್ಲಿ: ‘ಈ ಸೌಲಭ್ಯವನ್ನು ಪ್ರತಿ ವರ್ಷ ಪರಿಶೀಲಿಸಲಾಗುವುದು’, ‘ವಿದ್ಯಾರ್ಥಿಯು ಶಾಲಾ ತಂಡಗಳಿಗೆ ಲಭ್ಯವಿರತಕ್ಕದ್ದು’, ‘ಪ್ರದರ್ಶನ ತೃಪ್ತಿಕರವಾಗಿರತಕ್ಕದ್ದು’. ಈ ಮೂರನ್ನೂ ಒಟ್ಟಿಗೆ ಓದಿದರೆ ಚಿತ್ರ ಸ್ಪಷ್ಟವಾಗುತ್ತದೆ. ಹನ್ನೊಂದು ಹನ್ನೆರಡು ವರ್ಷದ ಮಗುವಿನ ಮಂಡಿ, ಹಿಮ್ಮಡಿ, ಎತ್ತರ, ಉತ್ಸಾಹ ಇವೆಲ್ಲ ಮುಂದಿನ ಐದಾರು ವರ್ಷವೂ ಈಗಿನ ಹಾಗೆಯೇ ನಡೆದುಕೊಂಡು ಹೋಗುತ್ತವೆ ಎಂಬ ನಂಬಿಕೆಯ ಮೇಲೆ ಮನೆಯ ಲೆಕ್ಕಾಚಾರ ನಿಂತುಬಿಡುತ್ತದೆ. ಬೆಳೆಯುವ ಮಕ್ಕಳ ವಿಷಯದಲ್ಲಿ ಆ ನಂಬಿಕೆಗೆ ಆಧಾರ ಬಹಳ ಕಡಿಮೆ.

ಖಾಸಗಿ ಪ್ರೌಢಶಾಲೆ ಹುಡುಕುವ ಪೋಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಗೊತ್ತಿರುವವೇ. ಈಜುಕೊಳ ಇದೆಯೇ, ಸಿಂಥೆಟಿಕ್ ಟ್ರ್ಯಾಕ್ ಇದೆಯೇ, ಕಳೆದ ವರ್ಷ ಎಷ್ಟು ಪದಕ ಬಂದವು, ಇಲ್ಲಿಂದ ರಾಷ್ಟ್ರೀಯ ತಂಡಕ್ಕೆ ಹೋದವರು ಯಾರು. ಕೇಳಬೇಕಾದವೇ, ತಪ್ಪೇನಿಲ್ಲ. ಆದರೆ ಇವುಗಳ ಉತ್ತರ ಆಗಲೇ ಬ್ರೋಷರಿನಲ್ಲಿ ಅಚ್ಚಾಗಿರುತ್ತದೆ. ಅಚ್ಚಾಗದೆ ಉಳಿದ ಪ್ರಶ್ನೆಯೊಂದಿದೆ. ಗಾಯದಿಂದಲೋ, ಬೆಳವಣಿಗೆಯ ಏರುಪೇರಿನಿಂದಲೋ, ಮನಸ್ಸು ಬದಲಾಗಿಯೋ ಮಗು ಒಂದು ವರ್ಷ ಆಡದೇ ಹೋದರೆ ನೀವು ಏನು ಮಾಡುತ್ತೀರಿ? ಹಣ, ತರಬೇತಿ, ಪಾಠ, ಚಿಕಿತ್ಸೆ ಎಲ್ಲವನ್ನೂ ಈ ಒಂದು ಪ್ರಶ್ನೆಯ ಮೂಲಕ ನೋಡಿದರೆ ಶಾಲೆ ಎಂಥದ್ದು ಎಂಬುದು ಬೇಗ ತಿಳಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯಾವುದರಲ್ಲಿ ರಿಯಾಯಿತಿ, ಎಷ್ಟು ದಿನ?

ಹಣದ ವಿಷಯವನ್ನು ಮೊದಲು ಮುಗಿಸೋಣ. ಪ್ರತಿಭೆಗೆ ಕೊಡುವ ವಿದ್ಯಾರ್ಥಿವೇತನ ಬೇರೆ, ಕುಟುಂಬದ ಆದಾಯ ನೋಡಿ ಕೊಡುವ ನೆರವು ಬೇರೆ. ಇಂಗ್ಲೆಂಡಿನ ಖಾಸಗಿ ಶಾಲೆಗಳಲ್ಲಿ ಮೊದಲನೆಯದಕ್ಕೆ ಸ್ಕಾಲರ್‌ಶಿಪ್, ಎರಡನೆಯದಕ್ಕೆ ಬರ್ಸರಿ ಎನ್ನುತ್ತಾರೆ. ಅಲ್ಲಿನ ಅನೇಕ ಶಾಲೆಗಳು ಇತ್ತೀಚಿನ ವರ್ಷಗಳಲ್ಲಿ ಸ್ಕಾಲರ್‌ಶಿಪ್‌ನ ಮೊತ್ತವನ್ನು ಇಳಿಸಿ ಆ ಹಣವನ್ನು ಬರ್ಸರಿಗೆ ತಿರುಗಿಸಿವೆ. ಕೆಲವೆಡೆ ಕ್ರೀಡಾ ಸ್ಕಾಲರ್‌ಶಿಪ್ ಎಂದರೆ ಗೌರವ, ವಿಶೇಷ ತರಬೇತಿ ಮತ್ತು ನಾಮಮಾತ್ರದ ರಿಯಾಯಿತಿ ಅಷ್ಟೇ. ಹೀಗಾಗಿ ನಿಜವಾಗಿ ಹಣದ ಅಗತ್ಯ ಇರುವ ಕುಟುಂಬ ಕ್ರೀಡಾ ವಿಭಾಗದ ಬಾಗಿಲಿನಲ್ಲಿ ಮಾತ್ರ ಕಾದು ನಿಂತರೆ ನಷ್ಟ ತನ್ನದೇ. ಆದಾಯ ಆಧಾರಿತ ನೆರವಿಗೂ ಅದೇ ಹೊತ್ತಿಗೆ ಅರ್ಜಿ ಹಾಕಬೇಕು. ಎರಡನ್ನೂ ಒಟ್ಟಿಗೆ ಪಡೆಯಲು ಅವಕಾಶ ಇದೆಯೇ ಎಂದು ಮೊದಲ ಭೇಟಿಯಲ್ಲೇ ಕೇಳಬೇಕು. ಆದಾಯ ನೋಡಿ ಕೊಟ್ಟ ನೆರವಿಗೆ ಇನ್ನೊಂದು ಗುಣವೂ ಇದೆ: ಮಗುವಿನ ಕಾಲು ಮುರಿದರೆ ಅದು ನಿಂತುಹೋಗುವುದಿಲ್ಲ.

ಶೇಕಡಾವಾರು ಯಾವುದರ ಮೇಲೆ ಎಂಬುದು ಮುಂದಿನ ಮಾತು. ವಸತಿ ಶಾಲೆಯೊಂದರಲ್ಲಿ ಕುಟುಂಬಕ್ಕೆ ತಗಲುವ ಒಟ್ಟು ವಾರ್ಷಿಕ ವೆಚ್ಚ 100 ಎಂದು ಇಟ್ಟುಕೊಳ್ಳೋಣ. ಅದರಲ್ಲಿ ಬೋಧನಾ ಶುಲ್ಕ 60, ಹಾಸ್ಟೆಲ್ ಮತ್ತು ಊಟ 25, ಉಡುಪು, ಸಲಕರಣೆ, ಪ್ರಯಾಣ, ಟೂರ್ನಿ, ವಿಮೆ ಎಲ್ಲ ಸೇರಿ 15. ಶೇ 50ರ ವಿದ್ಯಾರ್ಥಿವೇತನ ಸಾಮಾನ್ಯವಾಗಿ ಅನ್ವಯಿಸುವುದು ಬೋಧನಾ ಶುಲ್ಕಕ್ಕೆ ಮಾತ್ರ. ಅಂದರೆ ಸಿಗುವುದು 30, ಕೈಯಿಂದ ಹೋಗುವುದು 70. ‘ಅರ್ಧ ಶುಲ್ಕ’ ಎಂದು ಹಿಗ್ಗಿದ ಮನೆಗೆ ಇದು ಮೊದಲ ಪೆಟ್ಟು. ಆ 30 ಎಂಬುದನ್ನು ಪತ್ರದಲ್ಲಿ ಶೇಕಡಾವಾರಾಗಿ ಬರೆಯದೆ ಸ್ಥಿರ ಮೊತ್ತವಾಗಿ ಬರೆದಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ. ವೆಚ್ಚ ವರ್ಷಕ್ಕೆ ಶೇ 8ರಂತೆ ಏರಿದರೆ ಐದನೇ ವರ್ಷಕ್ಕೆ 100 ಇದ್ದದ್ದು 136 ಆಗುತ್ತದೆ. ವಿದ್ಯಾರ್ಥಿವೇತನ ಅದೇ 30. ಆಗ ಕುಟುಂಬ ಕಟ್ಟುವುದು 106, ಅಂದರೆ ಮೊದಲ ವರ್ಷದ ಪೂರ್ಣ ವೆಚ್ಚಕ್ಕಿಂತಲೂ ಹೆಚ್ಚು. ಶುಲ್ಕದ ಬುಡವೇ ಅಲುಗಾಡುವುದೂ ಉಂಟು. ಬ್ರಿಟನ್ನಿನಲ್ಲಿ 2025ರ ಜನವರಿ 1ರಿಂದ ಖಾಸಗಿ ಶಾಲಾ ಶುಲ್ಕದ ಮೇಲೆ ಶೇ 20ರ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂತು. ಅದಕ್ಕೂ ಮುಂಚೆ ವಿದ್ಯಾರ್ಥಿವೇತನ ಒಪ್ಪಿಕೊಂಡವರ ಯಾವ ಲೆಕ್ಕದಲ್ಲೂ ಆ ಸಾಲು ಇದ್ದಿರಲಾರದು.

ಹಾಗಾಗಿ ಪತ್ರಕ್ಕೆ ಸಹಿ ಹಾಕುವ ಮುನ್ನ ಕೊನೆಯ ವರ್ಷದವರೆಗಿನ ಲೆಕ್ಕ ಹಾಕಬೇಕು. ವಿದ್ಯಾರ್ಥಿವೇತನ ಪೂರ್ತಿ ನಿಂತುಹೋದರೂ ಮಗುವನ್ನು ಅದೇ ಶಾಲೆಯಲ್ಲಿ ಉಳಿಸಿಕೊಳ್ಳಲು ಆಗುತ್ತದೆಯೇ ಎಂಬ ಇನ್ನೊಂದು ಲೆಕ್ಕವನ್ನೂ ಅದರ ಪಕ್ಕದಲ್ಲೇ ಬರೆದಿಡಬೇಕು. ಎರಡನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಆ ಶಾಲೆಯನ್ನು ಕೂಡಲೇ ಬಿಡಬೇಕೆಂದೇನಿಲ್ಲ. ಆದರೆ ಹತ್ತನೆಯ ತರಗತಿಯ ನಡುವೆ ಶಾಲೆ ಬದಲಿಸಬೇಕಾಗಿ ಬರಬಹುದು ಎಂಬುದನ್ನು ತಿಳಿದೇ ಒಪ್ಪಿಕೊಳ್ಳಬೇಕಾಗುತ್ತದೆ.

ಟ್ರಯಲ್ಸ್‌ನಲ್ಲಿ ಕಾಣುವುದೇನು

‘ಬೆಳೆಯ ಸಿರಿ ಮೊಳಕೆಯಲ್ಲಿ’ ಎಂಬ ಮಾತನ್ನು ಆಯ್ಕೆ ಟ್ರಯಲ್ಸ್‌ನ ಮೈದಾನದಲ್ಲಿ ಎಲ್ಲರೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿರುತ್ತಾರೆ. ಕ್ರೀಡಾ ವಿಜ್ಞಾನ ಕಳೆದ ನಾಲ್ಕು ದಶಕಗಳಲ್ಲಿ ಕಂಡುಕೊಂಡ ಬಹುತೇಕ ಸಂಗತಿಗಳು ಈ ಗಾದೆಯ ವಿರುದ್ಧ ಸಾಕ್ಷಿ ಹೇಳುತ್ತವೆ.

ಮೊದಲನೆಯದು ಹುಟ್ಟಿದ ತಿಂಗಳು. ಕೆನಡಾದ ಐಸ್ ಹಾಕಿಯಲ್ಲಿ ವಯೋಮಿತಿಯ ಗೆರೆ ಜನವರಿ 1. ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್‌ಸ್ಲಿ 1980ರ ದಶಕದಲ್ಲಿ ಅಲ್ಲಿನ ಉನ್ನತ ತಂಡಗಳ ಆಟಗಾರರ ಜನ್ಮದಿನಗಳನ್ನು ಪಟ್ಟಿ ಮಾಡಿ ನೋಡಿದಾಗ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ಎದ್ದು ಕಾಣುವಷ್ಟು ಹೆಚ್ಚಿದ್ದರು, ಕೊನೆಯ ತಿಂಗಳುಗಳವರು ತೀರಾ ಕಡಿಮೆ. ಒಂದೇ ವಯೋವರ್ಗದಲ್ಲಿ ಆಡುವ ಇಬ್ಬರ ನಡುವೆ ಹನ್ನೊಂದು ತಿಂಗಳ ಅಂತರ ಇರಬಹುದು. ಹತ್ತು ವರ್ಷದ ಮಗುವಿಗೆ ಹನ್ನೊಂದು ತಿಂಗಳು ಎಂದರೆ ಆಯುಷ್ಯದ ಸುಮಾರು ಹತ್ತನೇ ಒಂದು ಭಾಗ. ದೊಡ್ಡವನಾಗಿ ಕಂಡವನಿಗೆ ಒಳ್ಳೆಯ ತರಬೇತಿ, ಹೆಚ್ಚು ಪಂದ್ಯ ಸಿಗುತ್ತವೆ, ಮುಂದಿನ ವರ್ಷ ಅವನು ನಿಜವಾಗಿಯೂ ಮೇಲಾಗುತ್ತಾನೆ. ಗೆರೆಯನ್ನು ಬೇರೆ ತಿಂಗಳಿಗೆ ಸರಿಸಿದರೆ ಲಾಭವೂ ಆ ತಿಂಗಳಿನ ಮಕ್ಕಳ ಕಡೆಗೆ ಸರಿಯುತ್ತದೆ. ಫುಟ್‌ಬಾಲ್ ಸೇರಿದಂತೆ ಅನೇಕ ಆಟಗಳಲ್ಲಿ, ಅನೇಕ ದೇಶಗಳಲ್ಲಿ ಇದೇ ಕಂಡುಬಂದಿದೆ.

ಎರಡನೆಯದು ಇನ್ನೂ ದೊಡ್ಡದು: ಮೈ ಬೆಳೆಯುವ ವೇಗ. ಎತ್ತರ ಅತಿ ವೇಗವಾಗಿ ಏರುವ ಘಟ್ಟ ಹುಡುಗಿಯರಲ್ಲಿ ಸರಾಸರಿ 12ರ ಸುಮಾರಿಗೆ, ಹುಡುಗರಲ್ಲಿ 14ರ ಸುಮಾರಿಗೆ ಬರುತ್ತದೆ. ಆ ಒಂದು ವರ್ಷದಲ್ಲಿ ಹುಡುಗನೊಬ್ಬ 9–10 ಸೆಂಟಿಮೀಟರ್ ಬೆಳೆಯುವುದು ಮಾಮೂಲು. ಆದರೆ ಸರಾಸರಿಯ ಆಚೆ ಈಚೆ ಇರುವ ಮಕ್ಕಳೇ ಹೆಚ್ಚು. 13 ವರ್ಷದ ಇಬ್ಬರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಅವರ ಮೂಳೆಯ ವಯಸ್ಸಿನಲ್ಲಿ, ಅಂದರೆ ಮೂಳೆಗಳು ಎಷ್ಟು ಬಲಿತಿವೆ ಎಂಬ ಲೆಕ್ಕದಲ್ಲಿ, ನಾಲ್ಕೈದು ವರ್ಷಗಳ ವ್ಯತ್ಯಾಸ ಇರಬಹುದು. ಒಬ್ಬ ಆಗಲೇ ಯುವಕ, ಇನ್ನೊಬ್ಬ ಇನ್ನೂ ಚಿಕ್ಕ ಹುಡುಗ. ಟ್ರಯಲ್ಸ್‌ನ ದಿನ 30 ಮೀಟರ್ ಓಟದಲ್ಲಿ, ಎಸೆತದಲ್ಲಿ, ಮೈಗೆ ಮೈ ತಾಗುವ ಆಟದಲ್ಲಿ ಗೆಲ್ಲುವುದು ಮೊದಲನೆಯವನು. ಅವನ ಗೆಲುವಿನಲ್ಲಿ ಕೌಶಲದ ಪಾಲೆಷ್ಟು, ಮೊದಲು ಬಂದ ಯೌವನದ ಪಾಲೆಷ್ಟು ಎಂದು ಬರಿಗಣ್ಣಿಗೆ ಹೇಳಲಾಗದು. ಉಳಿದವರು ಬೆಳೆದು ಅವನ ಎತ್ತರಕ್ಕೆ ಬಂದಾಗ, ಅಲ್ಲಿಯವರೆಗೆ ಬರಿಯ ಬಲದಿಂದ ಗೆಲ್ಲುತ್ತಿದ್ದವನ ಬಳಿ ಬೇರೆ ಉಪಾಯವೇ ಇರುವುದಿಲ್ಲ. ಅವನ ವಿದ್ಯಾರ್ಥಿವೇತನ ಪರಿಶೀಲನೆಗೆ ಬರುವುದೂ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ.

ವೇಗವಾಗಿ ಬೆಳೆಯುವ ತಿಂಗಳುಗಳಲ್ಲಿ ಕೆಲವು ಮಕ್ಕಳ ಆಟ ತಾತ್ಕಾಲಿಕವಾಗಿ ಕೆಡುತ್ತದೆ. ಕೈಕಾಲು ಉದ್ದವಾಗಿರುತ್ತವೆ, ಅವುಗಳ ಮೇಲಿನ ಹಿಡಿತ ಇನ್ನೂ ಬಂದಿರುವುದಿಲ್ಲ. ನಿನ್ನೆಯವರೆಗೆ ಸಲೀಸಾಗಿ ಬರುತ್ತಿದ್ದ ಹೊಡೆತ ಇಂದು ಬರುವುದಿಲ್ಲ. ಮಂಡಿಚಿಪ್ಪಿನ ಕೆಳಗಿನ ಗಂಟಿನಲ್ಲಿ ನೋವು ಬಂದರೆ ಆಸ್‌ಗುಡ್ ಶ್ಲಾಟರ್, ಹಿಮ್ಮಡಿಯಲ್ಲಿ ಬಂದರೆ ಸೀವರ್ಸ್ ಎಂದು ವೈದ್ಯರು ಹೆಸರು ಹೇಳುತ್ತಾರೆ. ಎರಡೂ ಬೆಳೆಯುವ ಮೂಳೆಯ ತುದಿಯನ್ನು ಸ್ನಾಯು ಎಳೆಯುವುದರಿಂದ ಬರುವಂಥವು, ಅಭ್ಯಾಸದ ಭಾರ ಇಳಿಸಿ ಕಾದರೆ ಸಾಮಾನ್ಯವಾಗಿ ಹೋಗುವಂಥವು. ಆದರೆ ‘ಪ್ರದರ್ಶನ ತೃಪ್ತಿಕರವಾಗಿರತಕ್ಕದ್ದು’ ಎಂಬ ಸಾಲು ತಲೆಯ ಮೇಲೆ ತೂಗುತ್ತಿರುವಾಗ ಯಾವ ಮಗು ನೋವು ಹೇಳಿಕೊಂಡೀತು?

ಇದನ್ನೆಲ್ಲ ಅರಿತ ಶಾಲೆಗಳೂ ಇವೆ. ಅವನ್ನು ಗುರುತಿಸುವುದು ಕಷ್ಟವಲ್ಲ. ಮಗುವಿನ ವಯಸ್ಸು, ಎತ್ತರ, ತೂಕ ಮತ್ತು ತಂದೆ ತಾಯಿಯ ಎತ್ತರ ಇಷ್ಟು ತಿಳಿದರೆ ವಯಸ್ಕ ಎತ್ತರದ ಶೇಕಡಾ ಎಷ್ಟನ್ನು ಮಗು ಈಗಾಗಲೇ ಮುಟ್ಟಿದೆ ಎಂದು ಅಂದಾಜು ಮಾಡುವ ಖಾಮಿಸ್–ರೋಶ್ ವಿಧಾನ 1994ರಿಂದಲೂ ಇದೆ. ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್‌ನ ಕಿರಿಯರ ಅಕಾಡೆಮಿಗಳು ಕಳೆದ ದಶಕದಲ್ಲಿ ಇದೇ ಆಧಾರದ ಮೇಲೆ ಮಕ್ಕಳನ್ನು ವಯಸ್ಸಿಗೆ ಬದಲಾಗಿ ಬೆಳವಣಿಗೆಗೆ ತಕ್ಕಂತೆ ಗುಂಪು ಮಾಡಿ ಆಡಿಸಿ ನೋಡಿದವು. ಶಾಲೆಯ ಅರ್ಜಿಯಲ್ಲಿ ತಂದೆ ತಾಯಿಯ ಎತ್ತರ ಕೇಳಿದ್ದಾರೆಯೇ, ಆಯ್ಕೆಗಾರರ ಹಾಳೆಯಲ್ಲಿ ಹುಟ್ಟಿದ ತಿಂಗಳು ಇದೆಯೇ, ಮೂರು ತಿಂಗಳಿಗೊಮ್ಮೆ ಎತ್ತರ ಅಳೆದು ಬರೆದಿಡುತ್ತಾರೆಯೇ ಎಂದು ನೋಡಿ. ಒಂದೇ ದಿನದ ಟ್ರಯಲ್ಸ್‌ನಲ್ಲಿ ನಿರ್ಧರಿಸುವ ಶಾಲೆಗಿಂತ ಎರಡು ಮೂರು ಬಾರಿ ಕರೆಸಿ, ಸೋತಾಗ ಮಗು ಹೇಗಿರುತ್ತದೆ, ಹೇಳಿಕೊಟ್ಟದ್ದನ್ನು ಎಷ್ಟು ಬೇಗ ಹಿಡಿಯುತ್ತದೆ ಎಂದು ನೋಡುವ ಶಾಲೆ ಉತ್ತಮ. ನಿಮ್ಮ ಮಗು ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದ್ದರೆ, ತಡವಾಗಿ ಬೆಳೆಯುತ್ತಿದ್ದರೆ ಮೊದಲ ಸುತ್ತಿನಲ್ಲಿ ಆಯ್ಕೆಯಾಗದಿರುವುದನ್ನು ಪ್ರತಿಭೆಯ ಮೇಲಿನ ತೀರ್ಪೆಂದು ಓದಬಾರದು. 13ರಲ್ಲಿ, 16ರಲ್ಲಿ ಮತ್ತೆ ಪ್ರವೇಶ ಕೊಡುವ ಶಾಲೆಗಳನ್ನು ಈಗಲೇ ಪಟ್ಟಿ ಮಾಡಿಟ್ಟುಕೊಳ್ಳುವುದು ಜಾಣತನ.

ಗಂಟೆಗಳನ್ನು ಎಣಿಸುವವರು ಯಾರು?

ಆಟದಲ್ಲಿ ಚುರುಕಾದ ಮಗುವಿನ ಮೇಲೆ ಎಲ್ಲರಿಗೂ ಹಕ್ಕು. ಶಾಲೆಗೆ ಬೇಕು, ಕ್ಲಬ್ಬಿಗೆ ಬೇಕು, ಜಿಲ್ಲಾ ತಂಡಕ್ಕೂ ಬೇಕು. 13 ವರ್ಷದ ಫುಟ್‌ಬಾಲ್ ಆಟಗಾರ್ತಿಯೊಬ್ಬಳ ವಾರವನ್ನು ಬಿಡಿಸಿ ನೋಡಿ. ಸೋಮವಾರ ಶಾಲಾ ತಂಡದ ಅಭ್ಯಾಸ ಒಂದೂವರೆ ಗಂಟೆ. ಮಂಗಳವಾರ ಬೆಳಿಗ್ಗೆ ಶಾಲೆಯ ಜಿಮ್‌ನಲ್ಲಿ ಒಂದು ಗಂಟೆ, ಸಂಜೆ ಕ್ಲಬ್ಬಿನಲ್ಲಿ ಒಂದೂವರೆ. ಬುಧವಾರ ಶಾಲಾ ಪಂದ್ಯ ಎರಡು ಗಂಟೆ. ಗುರುವಾರ ಮತ್ತೆ ಕ್ಲಬ್ಬು ಒಂದೂವರೆ. ಶುಕ್ರವಾರ ಶಾಲಾ ಅಭ್ಯಾಸ ಒಂದೂವರೆ. ಶನಿವಾರ ಶಾಲಾ ಪಂದ್ಯ ಎರಡು, ಭಾನುವಾರ ಕ್ಲಬ್ ಪಂದ್ಯ ಎರಡು. ನಡುವೆ ಎಲ್ಲರಿಗೂ ಕಡ್ಡಾಯವಾದ ದೈಹಿಕ ಶಿಕ್ಷಣದ ತರಗತಿಗಳು ಎರಡು ಗಂಟೆ. ಒಟ್ಟು 15. ಶಾಲೆಯ ತರಬೇತುದಾರರ ಪುಸ್ತಕದಲ್ಲಿ 10 ಗಂಟೆ, ಕ್ಲಬ್ಬಿನ ಪುಸ್ತಕದಲ್ಲಿ 5 ಗಂಟೆ. ಇಬ್ಬರಿಗೂ ತಾವು ಮಗುವಿನ ಮೇಲೆ ಹೆಚ್ಚು ಭಾರ ಹಾಕಿದ್ದೇವೆ ಅನ್ನಿಸುವುದಿಲ್ಲ. ವಾರದಲ್ಲಿ ಒಂದು ದಿನವೂ ಬಿಡುವಿಲ್ಲ ಎಂಬುದು ಗೊತ್ತಿರುವುದು ಆ ಹುಡುಗಿಗೆ ಮತ್ತು ಅವಳನ್ನು ಕರೆದೊಯ್ಯುವ ಅಪ್ಪ ಅಮ್ಮನಿಗೆ ಮಾತ್ರ.

ಅಮೆರಿಕದ ಕ್ರೀಡಾ ವೈದ್ಯ ನೀರು ಜಯಂತಿ ಮತ್ತು ಅವರ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ಲೆಕ್ಕಕ್ಕೆ ಸುಲಭವಾದ ಅಳತೆಯೊಂದನ್ನು ಕೊಟ್ಟಿತು. ತಮ್ಮ ವಯಸ್ಸಿನ ವರ್ಷಗಳಿಗಿಂತ ಹೆಚ್ಚು ಗಂಟೆಗಳನ್ನು ವಾರಕ್ಕೆ ಸಂಘಟಿತ ಕ್ರೀಡೆಯಲ್ಲಿ ಕಳೆಯುವ ಮಕ್ಕಳಲ್ಲಿ ಗಂಭೀರವಾದ ಅತಿಬಳಕೆಯ ಗಾಯಗಳು ಹೆಚ್ಚು ಕಂಡುಬಂದವು. ಇದು ಕಟ್ಟುನಿಟ್ಟಿನ ಗೆರೆಯಲ್ಲ, ಆದರೆ ಮನೆಯಲ್ಲೇ ಬೆರಳು ಮಡಚಿ ಎಣಿಸಬಹುದಾದ ಎಚ್ಚರಿಕೆ. ಮೇಲಿನ ಹುಡುಗಿ 13ರ ಗೆರೆಯನ್ನು ಆಗಲೇ ದಾಟಿದ್ದಾಳೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರ ತನ್ನ ವರದಿಯಲ್ಲಿ ವಾರಕ್ಕೆ ಕನಿಷ್ಠ ಒಂದೆರಡು ದಿನ, ವರ್ಷದಲ್ಲಿ ಒಟ್ಟು ಮೂರು ತಿಂಗಳು ಮುಖ್ಯ ಆಟದಿಂದ ಬಿಡುವು ಇರಲಿ ಎಂದಿದೆ. ಒಂದೇ ಆಟಕ್ಕೆ ಅಂಟಿಕೊಳ್ಳುವುದನ್ನು 15–16ರವರೆಗೆ ಮುಂದೂಡುವುದು ಒಳ್ಳೆಯದು ಎಂದೂ ಹೇಳಿದೆ.

ಇಲ್ಲಿಯೇ ವಿದ್ಯಾರ್ಥಿವೇತನದ ಷರತ್ತು ವಿಜ್ಞಾನಕ್ಕೆ ಎದುರಾಗಿ ನಿಲ್ಲುವುದು. ಒಂದು ಆಟಕ್ಕೆಂದು ಹಣ ಕೊಟ್ಟ ಶಾಲೆ ಮಗು ಆ ಆಟವನ್ನೇ ವರ್ಷವಿಡೀ ಆಡಲಿ ಎಂದು ಬಯಸುವುದು ಸಹಜ. ಆದರೆ ಕ್ರೀಡಾ ವಿಜ್ಞಾನಿ ಆರ್ನೆ ಗ್ಯುಲಿಕ್ ಮತ್ತು ಸಂಗಡಿಗರು 6,096 ಕ್ರೀಡಾಪಟುಗಳ ಮಾಹಿತಿಯನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಬೇರೆಯೇ ಕಥೆ ಹೇಳುತ್ತದೆ. ಅವರಲ್ಲಿ 772 ಮಂದಿ ವಿಶ್ವದ ಅಗ್ರ ಶ್ರೇಣಿಯವರು. ರಾಷ್ಟ್ರ ಮಟ್ಟದಲ್ಲೇ ಉಳಿದವರಿಗೆ ಹೋಲಿಸಿದರೆ ಈ ಅಗ್ರಗಣ್ಯರು ಬಾಲ್ಯದಲ್ಲಿ ಹೆಚ್ಚು ಬಗೆಯ ಆಟ ಆಡಿದ್ದರು, ಮುಖ್ಯ ಆಟವನ್ನು ತಡವಾಗಿ ಶುರು ಮಾಡಿದ್ದರು, ಆರಂಭದಲ್ಲಿ ನಿಧಾನವಾಗಿ ಮುಂದೆ ಬಂದಿದ್ದರು. ಕಿರಿಯರ ಹಂತದಲ್ಲೇ ಮಿಂಚಿದವರ ಹಾದಿ ಇದಕ್ಕೆ ತದ್ವಿರುದ್ಧ: ಬೇಗ ಆರಂಭ, ಒಂದೇ ಆಟ, ವೇಗದ ಪ್ರಗತಿ. 14ರ ಕೆಳಗಿನವರ ಕಪ್ ಗೆಲ್ಲಿಸುವ ತರಬೇತಿಯೇ 24ರಲ್ಲಿ ಗೆಲ್ಲಿಸುತ್ತದೆ ಎನ್ನಲು ಆಧಾರವಿಲ್ಲ ಎಂದಾಯಿತು. ಶಾಲೆಗೆ ಮುಖ್ಯವಾಗುವುದು ಮೊದಲನೆಯದು, ಮಗುವಿಗೆ ಬೇಕಾದದ್ದು ಎರಡನೆಯದು. ನಾರ್ವೆ 1987ರಲ್ಲೇ ಕ್ರೀಡೆಯಲ್ಲಿ ಮಕ್ಕಳ ಹಕ್ಕುಗಳ ಕುರಿತು ನಿಯಮ ಮಾಡಿ ಚಿಕ್ಕ ಮಕ್ಕಳ ಸ್ಪರ್ಧೆಗಳಲ್ಲಿ ಶ್ರೇಯಾಂಕ ಪಟ್ಟಿಗಳಿಗೆ ಕಡಿವಾಣ ಹಾಕಿತು. ಅದೇ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದು ಪಟ್ಟಿಯ ಮೇಲೆ ನಿಂತಿತು. ಒಂದರಿಂದಲೇ ಇನ್ನೊಂದು ಬಂತು ಎಂದು ನಾನು ಹೇಳುತ್ತಿಲ್ಲ. ಮಕ್ಕಳನ್ನು ಅವಸರಪಡಿಸದೆಯೂ ಗೆಲ್ಲಬಹುದು ಎಂಬುದಕ್ಕೆ ಇಷ್ಟು ಸಾಕು.

ಆದ್ದರಿಂದ ಕ್ಲಬ್ ಪಂದ್ಯ ಮತ್ತು ಶಾಲಾ ಪಂದ್ಯ ಒಂದೇ ದಿನ ಬಂದರೆ ಯಾವುದಕ್ಕೆ ಹೋಗಬೇಕು, ಎರಡನೆಯ ಆಟ ಆಡಲು ಅನುಮತಿ ಇದೆಯೇ, ಕ್ಲಬ್ಬಿನ ತರಬೇತುದಾರರೊಂದಿಗೆ ಶಾಲೆಯವರು ಫೋನಿನಲ್ಲಾದರೂ ಮಾತನಾಡುತ್ತಾರೆಯೇ ಎಂದು ಕೇಳಿ. ಮಗುವಿನ ಒಟ್ಟು ಗಂಟೆಗಳನ್ನು ಬರೆದಿಡುವ ಜವಾಬ್ದಾರಿ ಹೆಸರು ಹಿಡಿದು ಹೇಳಬಹುದಾದ ಒಬ್ಬ ವ್ಯಕ್ತಿಯದ್ದಾಗಿರಬೇಕು. ‘ನಾವೆಲ್ಲ ನೋಡಿಕೊಳ್ಳುತ್ತೇವೆ’ ಎಂಬ ಉತ್ತರ ಬಂದರೆ ಯಾರೂ ನೋಡಿಕೊಳ್ಳುತ್ತಿಲ್ಲ ಎಂದೇ ತಿಳಿಯಬಹುದು.

ಅಭ್ಯಾಸದ ಮೊದಲ ಇಪ್ಪತ್ತು ನಿಮಿಷ

ಶಾಲೆಯನ್ನು ನೋಡಲು ಹೋದಾಗ ಪಂದ್ಯದ ದಿನ ಹೋಗಬೇಡಿ, ಸಾಮಾನ್ಯ ಅಭ್ಯಾಸದ ದಿನ ಹೋಗಿ. ಅಭ್ಯಾಸ ಶುರುವಾಗುವ ಮುಂಚೆಯೇ ಮೈದಾನದ ಅಂಚಿನಲ್ಲಿ ನಿಂತಿರಿ. ಮಕ್ಕಳು ಬಂದವರೇ ಎರಡು ಸುತ್ತು ಓಡಿ, ನಿಂತಲ್ಲೇ ಕಾಲು ಎಳೆದು, ನೇರ ಆಟಕ್ಕೆ ಇಳಿದರೆ ಒಂದು ಅರ್ಥ. ಒಂಟಿ ಕಾಲಿನ ಮೇಲೆ ಸಮತೋಲನ, ಮಂಡಿ ಒಳಕ್ಕೆ ಬಾಗದಂತೆ ಜಿಗಿದು ಇಳಿಯುವುದು, ದಿಕ್ಕು ಬದಲಿಸಿ ಓಡುವುದು, ಹಿಂದೊಡೆಯ ಸ್ನಾಯುಗಳ ವ್ಯಾಯಾಮ ಇವನ್ನೆಲ್ಲ ಕ್ರಮವಾಗಿ ಮಾಡುತ್ತಿದ್ದು, ತರಬೇತುದಾರರು ಮೊಬೈಲ್ ನೋಡದೆ ಒಬ್ಬೊಬ್ಬರ ಮಂಡಿಯನ್ನು ಗಮನಿಸುತ್ತಿದ್ದರೆ ಬೇರೆ ಅರ್ಥ. ಫಿಫಾ 11+ ಎಂಬ ಇಪ್ಪತ್ತು ನಿಮಿಷದ ವಾರ್ಮ್‌ಅಪ್ ಕ್ರಮವನ್ನು ನಾರ್ವೆಯಲ್ಲಿ 13ರಿಂದ 17 ವರ್ಷದ ಫುಟ್‌ಬಾಲ್ ಆಟಗಾರ್ತಿಯರಲ್ಲಿ ಪರೀಕ್ಷಿಸಿದಾಗ ಗಂಭೀರ ಹಾಗೂ ಅತಿಬಳಕೆಯ ಗಾಯಗಳು ಕಡಿಮೆಯಾದದ್ದು 2008ರಲ್ಲಿ ವರದಿಯಾಯಿತು. ಇದಕ್ಕೆ ಯಂತ್ರ ಬೇಡ, ದೊಡ್ಡ ಕಟ್ಟಡ ಬೇಡ. ಬೇಕಾದದ್ದು ಪ್ರತಿ ದಿನ ಬಿಡದೆ ಮಾಡಿಸುವ ಶಿಸ್ತು. ಹುಡುಗಿಯರ ಪೋಷಕರು ಇದನ್ನು ಇನ್ನೂ ಗಮನವಿಟ್ಟು ನೋಡಬೇಕು, ಏಕೆಂದರೆ ಜಿಗಿದು ತಿರುಗುವ ಆಟಗಳಲ್ಲಿ ಮಂಡಿಯ ಮುಂಭಾಗದ ಅಡ್ಡ ಲಿಗಮೆಂಟ್, ಎಸಿಎಲ್, ಹರಿಯುವ ಅಪಾಯ ಹದಿಹರೆಯದ ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚು.

ಎಸಿಎಲ್ ಶಸ್ತ್ರಚಿಕಿತ್ಸೆಯಾದ ಮಗು ಪಂದ್ಯಕ್ಕೆ ಮರಳಲು ಕನಿಷ್ಠ ಒಂಬತ್ತು ತಿಂಗಳು ಕಾಯಬೇಕೆಂಬುದು ಈಗಿನ ಸಾಮಾನ್ಯ ಸಲಹೆ. ಅಂದರೆ ಹೆಚ್ಚುಕಡಿಮೆ ಒಂದು ಶೈಕ್ಷಣಿಕ ವರ್ಷ. ಪ್ರತಿ ವರ್ಷ ಪರಿಶೀಲಿಸುವ ವಿದ್ಯಾರ್ಥಿವೇತನಕ್ಕೆ ಆ ವರ್ಷ ಏನಾಗುತ್ತದೆ? ಕೆಲವು ಶಾಲೆಗಳು ಗಾಯಾಳು ಮಗುವಿನ ರಿಯಾಯಿತಿಯನ್ನು ಹಾಗೆಯೇ ಮುಂದುವರಿಸುತ್ತವೆ, ಫಿಸಿಯೋಥೆರಪಿಯ ಖರ್ಚನ್ನೂ ನೋಡಿಕೊಳ್ಳುತ್ತವೆ, ತಂಡದ ವಿಶ್ಲೇಷಣೆಯಲ್ಲೋ ಕಿರಿಯರ ತರಬೇತಿಯಲ್ಲೋ ಅಂಪೈರಿಂಗ್‌ನಲ್ಲೋ ತೊಡಗಿಸಿ ಮಗುವನ್ನು ಗುಂಪಿನಿಂದ ದೂರವಾಗಲು ಬಿಡುವುದಿಲ್ಲ. ಇನ್ನು ಕೆಲವೆಡೆ ಈ ಪ್ರಶ್ನೆ ಎದುರಾದದ್ದೇ ಹೊಸದೆಂಬಂತೆ ಮುಖ ನೋಡುತ್ತಾರೆ. ಬಾಯಿಮಾತಿನ ಭರವಸೆಯನ್ನು ಇಲ್ಲಿ ನಂಬಬೇಡಿ. ‘ಗಾಯ ಅಥವಾ ಅನಾರೋಗ್ಯದ ಕಾರಣಕ್ಕೆ ರಿಯಾಯಿತಿಯನ್ನು ಹಿಂಪಡೆಯುವುದಿಲ್ಲ’ ಎಂಬ ಒಂದು ಸಾಲು ಪತ್ರದಲ್ಲಿ ಬರಲಿ ಎಂದು ವಿನಯದಿಂದ, ಆದರೆ ಬಿಡದೆ ಕೇಳಿ. ಕೊಡುವ ಮನಸ್ಸಿರುವ ಶಾಲೆಗೆ ಅದನ್ನು ಬರೆಯಲು ಐದು ನಿಮಿಷ ಸಾಕು.

ತಲೆಗೆ ಪೆಟ್ಟಾದ ಮಗುವನ್ನು ಅದೇ ದಿನ ಮತ್ತೆ ಆಟಕ್ಕೆ ಇಳಿಸಬಾರದು ಎಂಬುದು ಕ್ರೀಡಾ ವೈದ್ಯಕೀಯದಲ್ಲಿ ಎಲ್ಲರೂ ಒಪ್ಪಿದ ನಿಯಮ. ಆಟಕ್ಕಿಂತ ಮೊದಲು ಪಾಠಕ್ಕೆ ಪೂರ್ತಿಯಾಗಿ ಮರಳಬೇಕು ಎಂಬುದೂ ಅಷ್ಟೇ ಮುಖ್ಯ. ಮಗುವನ್ನು ಹೊರಗೆ ಕರೆಯುವ ಅಧಿಕಾರ ಯಾರದ್ದು ಎಂದು ಕೇಳಿ. ಪಂದ್ಯ ಗೆಲ್ಲಬೇಕಾದ ತರಬೇತುದಾರರ ಕೈಯಲ್ಲೇ ಆ ಅಧಿಕಾರವೂ ಇದ್ದರೆ ಅದು ಸರಿಯಾದ ವ್ಯವಸ್ಥೆಯಲ್ಲ. ಹೃದಯ ಸ್ತಂಭನವಾದಾಗ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಎಲ್ಲಿದೆ ಎಂದೂ ವಿಚಾರಿಸಿ. ಆಘಾತ ತಡವಾದ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ಬೀಗ ಹಾಕಿದ ಕಚೇರಿಯೊಳಗಿನ ಯಂತ್ರ ಇದ್ದೂ ಇಲ್ಲದಂತೆ.

ಪಾಠ, ನಿದ್ದೆ, ತರಬೇತುದಾರ

ಓದಿನ ವಿಷಯದಲ್ಲಿ ಹೇಳಬೇಕಾದದ್ದು ನೇರವಾಗಿದೆ. ಕ್ರೀಡೆಯ ಮುಂದಿನ ಬಾಗಿಲುಗಳೂ ಅಂಕಪಟ್ಟಿ ಕೇಳುತ್ತವೆ. ಅಮೆರಿಕದ ಕಾಲೇಜು ಕ್ರೀಡೆಯ ಮೊದಲ ಶ್ರೇಣಿಗೆ ಸೇರಲು, ಆ ಕ್ರೀಡೆಯನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಪ್ರೌಢಶಾಲಾ ಹಂತದ 16 ಮುಖ್ಯ ಪಠ್ಯವಿಷಯಗಳನ್ನು 4ಕ್ಕೆ ಕನಿಷ್ಠ 2.3ರ ಸರಾಸರಿಯೊಂದಿಗೆ ಮುಗಿಸಿರಬೇಕು ಎನ್ನುತ್ತದೆ. ಅದೇ ಸಂಸ್ಥೆಯ ಪ್ರಕಾರ ಅಲ್ಲಿನ ಪ್ರೌಢಶಾಲಾ ಕ್ರೀಡಾಪಟುಗಳಲ್ಲಿ ಕಾಲೇಜಿನ ಕ್ರೀಡಾ ವಿದ್ಯಾರ್ಥಿವೇತನ ಪಡೆಯುವವರು ಶೇ 2ರ ಆಸುಪಾಸು. ಉಳಿದ ಶೇ 98 ಮಂದಿಯ ಬದುಕು ನಡೆಯುವುದು ಪ್ರೌಢಶಾಲೆಯಲ್ಲಿ ಕಲಿತದ್ದರ ಮೇಲೆ. ಹೀಗಿರುವಾಗ ಪಂದ್ಯಕ್ಕೆ ಹೋದ ಮಗು ತಪ್ಪಿಸಿಕೊಂಡ ಗಣಿತದ ಪಾಠವನ್ನು ಯಾರು, ಯಾವಾಗ ಹೇಳಿಕೊಡುತ್ತಾರೆ ಎಂಬುದಕ್ಕೆ ಸ್ಪಷ್ಟ ಉತ್ತರ ಬೇಕು. ‘ಸ್ನೇಹಿತರ ನೋಟ್ಸ್ ನೋಡಿಕೊಳ್ಳುತ್ತಾರೆ’ ಎನ್ನುವುದು ಉತ್ತರವಲ್ಲ. ಕ್ರೀಡಾ ವಿಭಾಗದ ಮುಖ್ಯಸ್ಥರನ್ನು ಮಾತನಾಡಿಸಿದ ಮೇಲೆ ವಿಜ್ಞಾನವನ್ನೋ ಭಾಷೆಯನ್ನೋ ಕಲಿಸುವ ಒಬ್ಬ ಶಿಕ್ಷಕರನ್ನೂ ಮಾತನಾಡಿಸಿ. ಆಟಗಾರ ಮಕ್ಕಳ ಬಗ್ಗೆ ಅವರು ಯಾವ ದನಿಯಲ್ಲಿ ಮಾತನಾಡುತ್ತಾರೆ ಎಂಬುದರಲ್ಲೇ ಬಹಳಷ್ಟು ತಿಳಿಯುತ್ತದೆ.

ನಿದ್ದೆಯನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 8 ಗಂಟೆಗಿಂತ ಕಡಿಮೆ ಮಲಗುವ ಹದಿಹರೆಯದ ಕ್ರೀಡಾಪಟುಗಳು ಗಾಯಗೊಳ್ಳುವ ಸಾಧ್ಯತೆ ಉಳಿದವರಿಗಿಂತ 1.7 ಪಟ್ಟು ಇತ್ತು. ದೂರದ ಶಾಲೆಗೆ ಬೆಳಗಿನ ಬಸ್ ಎಷ್ಟು ಗಂಟೆಗೆ, ಸಂಜೆಯ ಅಭ್ಯಾಸ ಮುಗಿಸಿ ಮನೆ ಸೇರುವುದು ಎಷ್ಟಕ್ಕೆ ಎಂದು ಕೂಡಿಸಿ ಕಳೆದು ನೋಡಿದರೆ ಎಷ್ಟೋ ಹೆಸರಾಂತ ಶಾಲೆಗಳು ಪಟ್ಟಿಯಿಂದ ತಾವಾಗಿಯೇ ಬಿದ್ದುಹೋಗುತ್ತವೆ.

ತರಬೇತುದಾರರ ವಿಷಯ ಸೂಕ್ಷ್ಮವಾದದ್ದು. ಹೆಚ್ಚಿನ ಕುಟುಂಬಗಳು ಶಾಲೆ ಆರಿಸುವುದು ಒಬ್ಬ ತರಬೇತುದಾರರನ್ನು ಮೆಚ್ಚಿ. ಆ ವ್ಯಕ್ತಿ ಮರುವರ್ಷವೇ ಬೇರೆ ಕಡೆ ಹೋಗಬಹುದು, ವಿದ್ಯಾರ್ಥಿವೇತನದ ಪರಿಶೀಲನೆ ಹೊಸಬರ ಕೈಗೆ ಬರಬಹುದು. ಬ್ರಿಟಿಷ್ ಜಿಮ್ನಾಸ್ಟಿಕ್ಸ್ ಕುರಿತು 2022ರಲ್ಲಿ ಬಂದ ವೈಟ್ ವರದಿ ಮಕ್ಕಳನ್ನು ತೂಕದ ಹೆಸರಿನಲ್ಲಿ ಅವಮಾನಿಸಿದ್ದು, ಗಾಯವಿದ್ದರೂ ಅಭ್ಯಾಸ ಮಾಡಿಸಿದ್ದು ಇವನ್ನೆಲ್ಲ ದಾಖಲಿಸಿದೆ. ಪದಕ ತರುತ್ತಿದ್ದ ವ್ಯವಸ್ಥೆಯ ಒಳಗೇ ಇದು ನಡೆದದ್ದು ಎಂಬುದನ್ನು ಪೋಷಕರು ಮರೆಯಬಾರದು. ದೂರು ಕೊಡಬೇಕಾದರೆ ಮಗು ತರಬೇತುದಾರರನ್ನು ದಾಟಿ ಯಾರ ಬಳಿ ಹೋಗಬಹುದು, ಆ ವ್ಯಕ್ತಿಯ ಹೆಸರು ಮಕ್ಕಳಿಗೆ ಗೊತ್ತೇ? ಶಾಲೆ ತೋರಿಸುವ ತಾರೆಗಳನ್ನು ಬಿಟ್ಟು ಬದಲಿ ಆಟಗಾರರ ಬೆಂಚಿನಲ್ಲಿ ಕುಳಿತ ಮಗುವಿನ ತಂದೆ ತಾಯಿಯನ್ನು ಮಾತನಾಡಿಸಿ. ಸಾಧ್ಯವಾದರೆ ವಿದ್ಯಾರ್ಥಿವೇತನ ಕಳೆದುಕೊಂಡ ಮೇಲೂ ಅಲ್ಲೇ ಓದುತ್ತಿರುವ ಒಬ್ಬ ವಿದ್ಯಾರ್ಥಿಯನ್ನು ಕಾಣಿ. ಅಂಥವರು ಒಬ್ಬರೂ ಇಲ್ಲ ಎಂದಾದರೆ ಅವರೆಲ್ಲ ಎಲ್ಲಿಗೆ ಹೋದರು ಎಂಬ ಪ್ರಶ್ನೆ ಉಳಿಯುತ್ತದೆ. ‘ಸಿ’ ಮತ್ತು ‘ಡಿ’ ತಂಡಗಳಿಗೂ ಪಂದ್ಯ, ತರಬೇತುದಾರರು, ಸರಿಯಾದ ಮೈದಾನ ಇರುವ ಶಾಲೆಯಲ್ಲಿ ನಿಮ್ಮ ಮಗು ಒಂದು ವರ್ಷ ಹಿಂದೆ ಬಿದ್ದರೂ ಆಡುತ್ತಲೇ ಇರುತ್ತದೆ.

ಮನೆಯೊಳಗಿನ ಒಂದು ಮಾತು. ಶುಲ್ಕ ತನ್ನ ಆಟದ ಮೇಲೆ ನಿಂತಿದೆ ಎಂದು ತಿಳಿದ ಮಗು ನೋವು ಮುಚ್ಚಿಡುತ್ತದೆ, ಬೇಸರ ಮುಚ್ಚಿಡುತ್ತದೆ. ‘ನಿನ್ನಿಂದಾಗಿ ಮನೆಗೆ ಇಷ್ಟು ಉಳಿಯಿತು’ ಎಂದು ನೆಂಟರ ಮುಂದೆ ಹೊಗಳುವುದು ಪ್ರೀತಿಯಿಂದಲೇ ಇರಬಹುದು, ಆದರೆ ಹನ್ನೆರಡು ವರ್ಷದ ಹೆಗಲಿಗೆ ಅದು ದೊಡ್ಡ ಭಾರ. ಆಟ ಬಿಟ್ಟರೂ ಓದು ನಿಲ್ಲುವುದಿಲ್ಲ ಎಂದು ಸಹಿ ಹಾಕುವ ಮೊದಲೇ ಮಗುವಿಗೆ ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳಲಾಗದ ಪರಿಸ್ಥಿತಿ ಇದ್ದರೆ ಆ ವಿದ್ಯಾರ್ಥಿವೇತನ ಎಷ್ಟು ದೊಡ್ಡದಾದರೂ ನಾನು ಒಪ್ಪಿಕೊಳ್ಳಲು ಹಿಂಜರಿಯುತ್ತೇನೆ.

ವಿದ್ಯಾರ್ಥಿವೇತನ ಸಿಗದ ಮಕ್ಕಳೇ ಹೆಚ್ಚು, ಅವರ ದಾರಿಯೂ ಮುಚ್ಚಿರುವುದಿಲ್ಲ. ಮುಂದೆ ಇಂಗ್ಲೆಂಡ್ ಫುಟ್‌ಬಾಲ್ ತಂಡಕ್ಕೆ ಆಡಿದ ಇಬ್ಬರಲ್ಲಿ ಹ್ಯಾರಿ ಕೇನ್ ಅವರನ್ನು ಆರ್ಸೆನಲ್ ಕ್ಲಬ್ಬಿನ ಅಕಾಡೆಮಿ ಬಾಲ್ಯದಲ್ಲೇ ಕೈಬಿಟ್ಟಿತ್ತು, ಜೇಮಿ ವಾರ್ಡಿ ಅವರನ್ನು ಶೆಫೀಲ್ಡ್ ವೆನ್ಸ್‌ಡೇ ಹದಿನಾರರಲ್ಲಿ ಬಿಟ್ಟಿತ್ತು. ಮನೆಯ ಹತ್ತಿರದ ಸಾಧಾರಣ ಶಾಲೆ, ಸಂಜೆ ಒಳ್ಳೆಯ ಕ್ಲಬ್ಬು, ಸಾಕಷ್ಟು ನಿದ್ದೆ, ಎರಡು ಮೂರು ಬಗೆಯ ಆಟ ಇವು ಅನೇಕ ಮಕ್ಕಳಿಗೆ ದುಬಾರಿ ಶಾಲೆಯ ಅರ್ಧ ರಿಯಾಯಿತಿಗಿಂತ ಮೇಲು. ತಿರಸ್ಕಾರದ ಪತ್ರ ಬಂದರೆ ಆಯ್ಕೆಗಾರರು ಗಮನಿಸಿದ ಅಂಶಗಳನ್ನು ಬರೆದು ಕೊಡುವಂತೆ ಕೇಳಿ, ಮಗುವಿನ ಎತ್ತರವನ್ನು ದಿನಾಂಕದೊಂದಿಗೆ ಗುರುತು ಮಾಡಿಟ್ಟುಕೊಂಡು, ಮುಂದಿನ ಪ್ರವೇಶದ ವರ್ಷ ಅದೇ ಶಾಲೆಗೆ ಮತ್ತೆ ಅರ್ಜಿ ಹಾಕಿ.